ಕತ್ತಿ ಮೂರರ ಕತೆ

ನನ್ನ ಟೀಮಿನ ಗೆಳತಿಯೊಬ್ಬಳು ಒಂದು ಶನಿವಾರ ಟ್ಯಾರೋ ರೀಡಿಂಗ್‌ಗೆ ಹೋಗಿ ಬಂದಳು. ಅವಳಿಗೆ ಒಬ್ಬ ಹುಡುಗ ಇಷ್ಟವಾಗಿದ್ದ. ಮನೆಯಲ್ಲಿ ಹೇಳಿರಲಿಲ್ಲ. ಹೇಳೋದಾ ಬೇಡವಾ, ಹೇಳೋದಾದರೆ ಈ ದೀಪಾವಳಿಗೇ ಹೇಳೋದಾ ಅನ್ನೋದು ಪ್ರಶ್ನೆ. ರೀಡರ್ ಮೇಡಂ ಮೂರು ಕಾರ್ಡ್ ತೆಗೆದರಂತೆ. ನಡುವಿನ ಕಾರ್ಡಿನಲ್ಲಿ ಒಂದು ಕೆಂಪು ಹೃದಯ, ಅದಕ್ಕೆ ಚುಚ್ಚಿಕೊಂಡ ಮೂರು ಕತ್ತಿ, ಹಿಂದೆ ಬೂದು ಮೋಡ, ಮಳೆ. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಬೇಡ, ತಡ್ಕೊಳ್ಳಿ. ಇದು ಈಜಿಪ್ಟಿನ ಐದು ಸಾವಿರ ವರ್ಷದ ವಿದ್ಯೆ, ಸುಮ್ಮನೆ ಏನನ್ನೂ ತೋರಿಸಲ್ಲ" ಅಂದರಂತೆ. ಇವಳು ತಡೆದುಕೊಂಡಳು. ದೀಪಾವಳಿಗೆ ಊರಿಗೆ ಹೋಗಿ, ಮೂರು ದಿನ ಇದ್ದು, ಏನೂ ಹೇಳದೆ ವಾಪಸ್ ಬಂದಳು.

ಊಟದ ಹೊತ್ತಿನಲ್ಲಿ ಮೊಬೈಲ್ ತೆಗೆದು ಆ ಕಾರ್ಡಿನ ಫೋಟೋ ತೋರಿಸಿ ಇದನ್ನೆಲ್ಲ ಹೇಳಿದಾಗ ನಾನು ನಕ್ಕುಬಿಟ್ಟೆ. ತಪ್ಪು ಮಾಡಿದೆ.

"ನಗು, ನಗು. ಹೋದ ವರ್ಷ ಸೈಟ್ ತಗೊಳ್ಳೋಕೆ ಮುಂಚೆ ನಿಮ್ಮಮ್ಮ ಊರ ದೇವರ ಹತ್ರ ಹೂ ಕೇಳಿಸಲಿಲ್ವಾ? ಬಲಗಡೆ ಬಿತ್ತು ಅಂತ ನೀನೇ ಖುಷಿಯಾಗಿ ಹೇಳಿದ್ದೆ" ಅಂದಳು.

ನನ್ನ ಹತ್ರ ಉತ್ತರ ಇರಲಿಲ್ಲ. ಆದ್ದರಿಂದ ಟ್ಯಾರೋ ನಿಜವೋ ಸುಳ್ಳೋ ಅನ್ನೋ ಜಗಳ ನಾನು ಇಲ್ಲಿ ತೆಗೆಯೋದಿಲ್ಲ. ಹಳ್ಳಿಯವರು ಹೂವಿನ ಮೇಲಿಟ್ಟ ನಂಬಿಕೆ ದೊಡ್ಡದು, ಬೆಂಗಳೂರಿನವರು ಕಾರ್ಡಿನ ಮೇಲಿಟ್ಟದ್ದು ಸಣ್ಣದು ಅಂತ ತೂಗೋ ತಕ್ಕಡಿ ನನ್ನಲ್ಲಿಲ್ಲ. ನನ್ನ ತಲೆಯಲ್ಲಿ ಕೊರೆಯುತ್ತಾ ಉಳಿದದ್ದು ಆ 'ಐದು ಸಾವಿರ ವರ್ಷ'. ಅದು ನಂಬಿಕೆಯ ಮಾತಲ್ಲ, ತಾರೀಖಿನ ಮಾತು. ತಾರೀಖನ್ನು ಹುಡುಕಬಹುದು. ನಮ್ಮ ಕೆಲಸದಲ್ಲಿ ಪ್ರೋಗ್ರಾಮಿನ ಯಾವ ಸಾಲನ್ನು ಯಾರು, ಯಾವತ್ತು ಬರೆದರು ಅಂತ ತೋರಿಸೋ ಕಮಾಂಡ್ ಒಂದಿದೆ. ಸರ್ವರ್ ಮಲಗಿದಾಗ ಮೊದಲು ಅದನ್ನೇ ಓಡಿಸೋದು. ಆ ಮೂರು ಕತ್ತಿಯ ಕಾರ್ಡಿನ ಮೇಲೆ ಅದನ್ನೇ ಓಡಿಸಿ ನೋಡೋಣ ಅಂತ ಶುರು ಮಾಡಿದೆ.

ಮೊದಲು ಕತ್ತಿ ಎಲ್ಲಿಂದ ಬಂತು ಅಂತ ನೋಡೋಣ. ಯುರೋಪಿಗೆ ಇಸ್ಪೀಟ್ ಎಲೆ ಬಂದದ್ದು 1370ರ ದಶಕದಲ್ಲಿ. 1377ರಲ್ಲಿ ಫ್ಲಾರೆನ್ಸ್ ಊರಿನವರು 'ನಾಯಿಬೆ' ಅನ್ನೋ ಹೊಸ ಆಟಕ್ಕೆ ನಿರ್ಬಂಧ ಹಾಕಿದ ದಾಖಲೆ ಇದೆ. ಅದು ಬಂದದ್ದು ಮಾಮ್ಲೂಕರ ರಾಜ್ಯದಿಂದ. ಹೌದು, ಅವರು ಆಳುತ್ತಿದ್ದದ್ದು ಈಜಿಪ್ಟನ್ನೇ. ಆದರೆ ಪಿರಮಿಡ್ಡಿನ ಈಜಿಪ್ಟ್ ಅಲ್ಲ, ಸುಲ್ತಾನರ ಈಜಿಪ್ಟ್. ಆ ಕಾಲದ ಎಲೆಗಳ ಒಂದು ಕಟ್ಟು ಇಸ್ತಾಂಬುಲ್‌ನ ತೋಪ್ಕಾಪಿ ಅರಮನೆಯ ಮ್ಯೂಸಿಯಂನಲ್ಲಿದೆ. ಅದರಲ್ಲಿ ನಾಲ್ಕು ಬಣ್ಣ: ಬಟ್ಟಲು, ನಾಣ್ಯ, ಕತ್ತಿ, ಪೋಲೋ ಆಡೋ ಕೋಲು. ರಾಜ, ಅವನ ಕೆಳಗೆ ನಾಯಿಬ್, ಅವನ ಕೆಳಗೆ ಎರಡನೇ ನಾಯಿಬ್. ನಾಯಿಬ್ ಅಂದರೆ ಪ್ರತಿನಿಧಿ. ನಮ್ಮ 'ನವಾಬ' ಕೂಡ ಅದೇ ಅರಬ್ಬಿ ಬೇರಿನ ಮಾತು. ಇಟಲಿಯವರಿಗೆ ಪೋಲೋ ಗೊತ್ತಿರಲಿಲ್ಲ, ಹಾಗಾಗಿ ಆ ಕೋಲು ಬರೀ ದೊಣ್ಣೆಯಾಯಿತು. ಉಳಿದ ಮೂರು ಹಾಗೇ ಉಳಿದವು.

ನಾವು 'ಇಸ್ಪೀಟು' ಅನ್ನೋದು ಸ್ಪೇಡ್‌ನಿಂದ. ಆ ಸ್ಪೇಡ್‌ಗೂ ಗುದ್ದಲಿಗೂ ಸಂಬಂಧ ಇಲ್ಲ. ಇಟಲಿಯ ಮಾತಿನಲ್ಲಿ ಸ್ಪಾದಾ ಅಂದರೆ ಕತ್ತಿ. ಅಂದರೆ ಯುಗಾದಿ ದಿನ ನಮ್ಮೂರ ಅರಳಿಕಟ್ಟೆಯ ಮೇಲೆ ಟವೆಲ್ ಹಾಸಿ ಇಸ್ಪೀಟ್ ಆಡೋ ಜನ ಗೊತ್ತಿಲ್ಲದೇ ಅದೇ ಕತ್ತಿಯ ಹೆಸರು ಹೇಳ್ತಿರ್ತಾರೆ. ನನ್ನ ಗೆಳತಿಯನ್ನು ಹೆದರಿಸಿದ ಕಾರ್ಡು, ನಮ್ಮೂರ ಲೆಕ್ಕದಲ್ಲಿ, ಇಸ್ಪೀಟ್ ಮೂರು.

ಇದು ಬರೀ ಎಲೆಯ ಕತೆಯಾಯಿತು. ಟ್ಯಾರೋ ಹುಟ್ಟಿದ್ದು ಇನ್ನೂ ಅರವತ್ತು ಎಪ್ಪತ್ತು ವರ್ಷ ಆದಮೇಲೆ, ಉತ್ತರ ಇಟಲಿಯಲ್ಲಿ. 1440ರಲ್ಲಿ ಫ್ಲಾರೆನ್ಸಿನ ಒಬ್ಬ ನೋಟರಿ ತನ್ನ ದಿನಚರಿಯಲ್ಲಿ, 'ಟ್ರಿಯೋನ್ಫಿ' ಇರೋ ಎಲೆಗಳ ಒಂದು ಕಟ್ಟನ್ನು ಮಾಲತೆಸ್ತಾ ಮನೆತನದ ದೊರೆಗೆ ಕೊಟ್ಟದ್ದನ್ನು ಬರೆದಿದ್ದಾನೆ. 1442ರಲ್ಲಿ ಫೆರಾರಾ ಊರಿನ ಅರಮನೆಯ ಖರ್ಚಿನ ಪುಸ್ತಕದಲ್ಲಿ ಅಂಥ ಎಲೆ ಬರೆದ ಚಿತ್ರಕಾರನಿಗೆ ದುಡ್ಡು ಕೊಟ್ಟ ಲೆಕ್ಕ ಇದೆ. ಟ್ರಿಯೋನ್ಫಿ ಅಂದರೆ ವಿಜಯದ ಮೆರವಣಿಗೆ. ಮಾಮೂಲಿ ನಾಲ್ಕು ಬಣ್ಣದ 56 ಎಲೆಗೆ, ಪೋಪ್, ಚಕ್ರವರ್ತಿ, ಪ್ರೇಮಿಗಳು, ಸಾವು, ಚಂದ್ರ, ಸೂರ್ಯ ಅಂತ ಮೆರವಣಿಗೆಯ ಸ್ತಬ್ಧಚಿತ್ರಗಳ ಹಾಗೆ ಒಂದರ ಮೇಲೊಂದು ಬರೋ 22 ಚಿತ್ರದ ಎಲೆಗಳನ್ನು ಸೇರಿಸಿದರು. ಒಟ್ಟು 78. ಈ 22ರ ಕೆಲಸ ಏನು? ಬೇರೆ ಬಣ್ಣದ ಎಲೆಗಳನ್ನು ಹೊಡೆಯೋದು. ಇಸ್ಪೀಟ್ ಆಡಿದವರಿಗೆ ವಿವರಿಸಬೇಕಾಗಿಲ್ಲ, ಇದು ತುರುಫು. ಇಂಗ್ಲಿಷಿನ ಟ್ರಂಪ್ ಅನ್ನೋ ಮಾತು ಟ್ರಿಯೋನ್ಫಿಯ ಬಳಗದ್ದೇ, ಯುರೋಪಿನವರ ಜೊತೆ ಹಡಗು ಹತ್ತಿ ಬಂದ ನಮ್ಮ ತುರುಫೂ ಅದೇ ಬಳಗದ್ದು. ಟ್ಯಾರೋ ಹುಟ್ಟಿದ್ದು ತುರುಫು ಹೊಡೆಯೋ ಆಟವಾಗಿ. ಫ್ರಾನ್ಸ್‌ನಲ್ಲಿ, ಆಸ್ಟ್ರಿಯಾದಲ್ಲಿ ಇವತ್ತಿಗೂ ಜನ ಸಂಜೆ ಹೊತ್ತು ಕೂತು ಅದನ್ನು ಆಟವಾಗಿಯೇ ಆಡುತ್ತಾರೆ, ಪಂದ್ಯಾವಳಿಗಳೂ ನಡೆಯುತ್ತವೆ.

ಆ ಹಳೆಯ ಕಾಲದಿಂದ ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದಿರೋದು ಮಿಲಾನ್ ದೊರೆಗಳ ವಿಸ್ಕೊಂತಿ-ಸ್ಫೋರ್ತ್ಸಾ ಮನೆತನದ ಡೆಕ್. ಸುಮಾರು 1450ರದ್ದು. ಬೊನಿಫಾಚಿಯೋ ಬೆಂಬೋ ಅನ್ನೋ ಕಲಾವಿದ ಬರೆದದ್ದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಚಿತ್ರದ ಎಲೆಗಳ ಹಿನ್ನೆಲೆಗೆ ಚಿನ್ನದ ರೇಕು. 74 ಎಲೆ ಉಳಿದಿವೆ; ಒಂದಷ್ಟು ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿ, ಒಂದಷ್ಟು ಇಟಲಿಯ ಬೆರ್ಗಾಮೋದ ಅಕಾದೆಮಿಯಾ ಕರಾರಾದಲ್ಲಿ, ಉಳಿದವು ಒಂದು ಮನೆತನದ ಹತ್ತಿರ. ಸಿಗದೇ ಇರೋದು ನಾಲ್ಕೇ ನಾಲ್ಕು: ದೆವ್ವ, ಗೋಪುರ, ನಾಣ್ಯದ ಸವಾರ, ಮತ್ತೆ ಕತ್ತಿ ಮೂರು.

ಇದನ್ನು ಓದಿದಾಗ ನಾನು ಮತ್ತೆ ನಕ್ಕೆ, ಈ ಸಲ ಒಬ್ಬನೇ. ನನ್ನ ಗೆಳತಿಯ ದೀಪಾವಳಿ ಹಾಳು ಮಾಡಿದ ಎಲೆ ಆ ಹಳೇ ಡೆಕ್ಕಿನಲ್ಲಿ ಇಲ್ಲವೇ ಇಲ್ಲ. ಯಾರೋ ಕಳೆದುಹಾಕಿದ್ದಾರೆ.

ಆಮೇಲೆ ಬಂದದ್ದು ಮರದ ಅಚ್ಚಿನಲ್ಲಿ ಒತ್ತಿ, ಬಣ್ಣ ತುಂಬಿ, ಅಗ್ಗಕ್ಕೆ ಮಾರಿದ ಎಲೆಗಳು. ಫ್ರಾನ್ಸಿನಲ್ಲಿ ಹದಿನೇಳು-ಹದಿನೆಂಟನೇ ಶತಮಾನದಲ್ಲಿ ನೆಲೆ ನಿಂತ ಆ ಮಾದರಿಗೆ ಮಾರ್ಸೆಯ್ ಟ್ಯಾರೋ ಅಂತ ಹೆಸರು. 1760ರ ನಿಕೊಲಾ ಕಾನ್ವೆರ್‌ನ ಡೆಕ್ ಹೆಸರುವಾಸಿ. ಅದರಲ್ಲಿ ಕತ್ತಿ ಮೂರು ಹೇಗಿದೆ ಗೊತ್ತಾ? ಎರಡು ಬಾಗಿದ ಕತ್ತಿ ಸೇರಿ ಮೊಟ್ಟೆಯಾಕಾರ ಮಾಡಿವೆ, ನಡುವೆ ಒಂದು ನೆಟ್ಟಗಿನ ಕತ್ತಿ, ಅಕ್ಕಪಕ್ಕ ಎಲೆ ಬಳ್ಳಿ. ಅಷ್ಟೇ. ಹೃದಯ ಇಲ್ಲ, ರಕ್ತ ಇಲ್ಲ, ಮಳೆ ಇಲ್ಲ. ಮದುವೆ ಮನೆಯ ರಂಗೋಲಿ ಅಂಚಿನ ಹಾಗಿದೆ. ಕತ್ತಿ ಬಾಗಿರೋದೂ ಮಾಮ್ಲೂಕರ ಎಲೆಯ ನೆನಪು. ಮೂರು ಅನ್ನೋ ಅಂಕಿ ತೋರಿಸೋದು ಬಿಟ್ಟರೆ ಆ ಎಲೆಗೆ ಬೇರೆ ಕೆಲಸ ಇಲ್ಲ.

ಹಾಗಾದರೆ ಈಜಿಪ್ಟ್ ಎಲ್ಲಿಂದ ಬಂತು? 1781ರಲ್ಲಿ, ಪ್ಯಾರಿಸ್ಸಿನಿಂದ. ಆಂತ್ವಾನ್ ಕೂರ್ ದ ಜೆಬೆಲಾಂ ಅನ್ನೋ ಪಂಡಿತ, ಪರಿಚಯದವರೊಬ್ಬರ ಮನೆಯಲ್ಲಿ ಹೆಂಗಸರು ಟ್ಯಾರೋ ಆಡೋದನ್ನು ನೋಡಿದ. ಕಾಲು ಗಂಟೆಯಲ್ಲಿ ಎಲೆಗಳನ್ನೆಲ್ಲ ನೋಡಿ, ವಿವರಿಸಿ, ಇದು ಈಜಿಪ್ಟಿನದ್ದು ಅಂತ ಘೋಷಿಸಿದೆ ಅಂತ ತಾನೇ ಬರೆದುಕೊಂಡಿದ್ದಾನೆ. ಪುರಾತನ ಪುರೋಹಿತರು ತಮ್ಮ ಜ್ಞಾನವನ್ನು ಆಟದ ಎಲೆಯಲ್ಲಿ ಬಚ್ಚಿಟ್ಟರು, ಇದು ಥೋತ್ ದೇವರ ಗ್ರಂಥ, ಟ್ಯಾರೋ ಅನ್ನೋ ಮಾತೇ ಈಜಿಪ್ಟಿನ ಭಾಷೆಯಲ್ಲಿ ರಾಜಮಾರ್ಗ ಅಂತ ಅರ್ಥ ಕೊಡುತ್ತೆ ಅಂದ. ಒಂದು ತೊಡಕು ಏನಪ್ಪಾ ಅಂದರೆ, ಆಗ ಈಜಿಪ್ಟಿನ ಆ ಲಿಪಿ ಓದೋಕೆ ಭೂಮಿಯ ಮೇಲೆ ಒಬ್ಬರಿಗೂ ಬರ್ತಿರಲಿಲ್ಲ. ಓದಲು ದಾರಿ ಮಾಡಿದ ರೊಸೆಟ್ಟಾ ಕಲ್ಲು ಸಿಕ್ಕಿದ್ದು 1799ರಲ್ಲಿ, ನೆಪೋಲಿಯನ್ನನ ಸೈನ್ಯಕ್ಕೆ. ಅವನು ಟಿಪ್ಪುವಿಗೆ ಕಾಗದ ಬರೆದನಲ್ಲ, ಅದೇ ಈಜಿಪ್ಟ್ ದಂಡಯಾತ್ರೆಯಲ್ಲಿ. ಶಾಂಪೋಲಿಯೋಂ ಅದನ್ನು ಬಿಡಿಸಿದ್ದು 1822ರಲ್ಲಿ. ಅಂದರೆ ಜೆಬೆಲಾಂ ಬರೆದು ನಲವತ್ತೊಂದು ವರ್ಷ ಆದಮೇಲೆ.

ಓದೋಕೇ ಬರದ ಭಾಷೆಯಿಂದ ಅರ್ಥ ಹೇಳಿದ ಆ ಕಾಲು ಗಂಟೆಯೇ ಇವತ್ತಿನ ಐದು ಸಾವಿರ ವರ್ಷ.

ಇದೆಲ್ಲವನ್ನೂ ಒಂದೊಂದಾಗಿ ಬಿಚ್ಚಿಟ್ಟವರಲ್ಲಿ ಮುಖ್ಯರಾದವರು ಮೈಕಲ್ ಡಮ್ಮೆಟ್. ಆಕ್ಸ್‌ಫರ್ಡ್‌ನಲ್ಲಿ ತರ್ಕಶಾಸ್ತ್ರ, ತತ್ವಶಾಸ್ತ್ರದ ದೊಡ್ಡ ಹೆಸರು. 1980ರಲ್ಲಿ ಟ್ಯಾರೋ ಆಟದ ಬಗ್ಗೆ ಒಂದು ದಪ್ಪ ಪುಸ್ತಕ ಬರೆದು, ಇದು ಮೊದಲು ಆಟ, ಶಾಸ್ತ್ರ ಆಮೇಲೆ ಅಂತ ದಾಖಲೆ ಸಮೇತ ತೋರಿಸಿದರು. ಭವಿಷ್ಯ ಹೇಳೋಕೆ ಟ್ಯಾರೋ ಬಳಸಿದ ಗಟ್ಟಿ ದಾಖಲೆ ಹದಿನೆಂಟನೇ ಶತಮಾನಕ್ಕೆ ಮುಂಚೆ ಸಿಗೋದಿಲ್ಲ. ಸುಮಾರು ಮುನ್ನೂರು ವರ್ಷ ಜನ ಅದರಲ್ಲಿ ಗೆದ್ದರು, ಸೋತರು, ಎದ್ದು ಹೋದರು.

ನಮ್ಮ ಕಡೆಯ ಒಂದು ಮಾತು ಇಲ್ಲಿ ನೆನಪಾಗುತ್ತೆ. ಕೈಯಲ್ಲಿ ಬರೆದ ದುಂಡನೆಯ ಗಂಜೀಫಾ ಎಲೆಗಳು ಮೊಗಲರ ಕಾಲದಲ್ಲಿ ನಮ್ಮ ದೇಶದಲ್ಲಿ ಹರಡಿದವು. ಬಾಬರ್ 1527ರಲ್ಲೇ ಸಿಂಧ್‌ನ ದೊರೆಗೆ ಗಂಜೀಫಾ ಕಳಿಸಿದ್ದನ್ನು ಬರೆದಿದ್ದಾನೆ. ದಶಾವತಾರದ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹನ್ನೆರಡರ ಹಾಗೆ 120 ಎಲೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ 'ಛದ' ಅನ್ನೋ ಎಲೆಯಾಟಗಳನ್ನು ರೂಪಿಸಿದರು. ಅವುಗಳ ವಿವರ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿದೆ. ಅದರಲ್ಲೊಂದಕ್ಕೆ ಚಾಮುಂಡೇಶ್ವರಿಯದೇ ಹೆಸರು. ಎಲೆ ತುಂಬ ದೇವರು. ಆದರೂ ಅದನ್ನು ಕೌತುಕ ಅಂತಲೇ ಕರೆದರು, ಆಟ ಅಂತಲೇ ಆಡಿದರು. ಎಲೆಯ ಮೇಲೆ ದೇವರು ಬಂದ ಮಾತ್ರಕ್ಕೆ ಎಲೆಯೇ ದೇವರಾಗಬೇಕಿಲ್ಲ ಅನ್ನೋದು ನಮಗೆ ಗೊತ್ತಿತ್ತು.

ಪ್ಯಾರಿಸ್ಸಿನಲ್ಲಿ ಹಾಗಾಗಲಿಲ್ಲ. ಅಲಿಯೆತ್ ಅನ್ನೋ ಒಬ್ಬ ತನ್ನ ಹೆಸರನ್ನು ಹಿಂದುಮುಂದು ಮಾಡಿ ಎಟೆಯ್ಯಾ ಅಂತ ಇಟ್ಟುಕೊಂಡು, 1789ರಲ್ಲಿ ಬರೀ ಶಾಸ್ತ್ರ ಹೇಳೋದಕ್ಕೇ ಅಂತ ಒಂದು ಡೆಕ್ ಮಾಡಿಸಿ ಮಾರಿದ. 1850ರ ದಶಕದಲ್ಲಿ ಎಲಿಫಾಸ್ ಲೆವಿ ಅದಕ್ಕೆ ಯಹೂದಿಗಳ ಕಬ್ಬಾಲಾ ಸೇರಿಸಿದ. 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೋಲ್ಡನ್ ಡಾನ್ ಅನ್ನೋ ಗುಪ್ತ ಸಂಘದವರು ಗ್ರಹ, ರಾಶಿ ಎಲ್ಲ ಕಟ್ಟಿದರು. ಹಳೇ ಪ್ರೋಗ್ರಾಮಿಗೆ ಬಂದವರೆಲ್ಲ ತಮ್ಮದೊಂದು ತೇಪೆ ಹಾಕಿ ಹೋದ ಹಾಗೆ.

ಈಗ ನನ್ನ ಗೆಳತಿಯ ಮೊಬೈಲಿನಲ್ಲಿದ್ದ ಚಿತ್ರಕ್ಕೆ ಬರೋಣ. ಅದನ್ನು ಬರೆದದ್ದು 1909ರಲ್ಲಿ, ಪಮೇಲಾ ಕೋಲ್ಮನ್ ಸ್ಮಿತ್. ಆಗ ಆಕೆಗೆ ಮೂವತ್ತೊಂದು ವರ್ಷ. ಅಮೆರಿಕದ ಅಪ್ಪ ಅಮ್ಮನಿಗೆ ಲಂಡನ್ನಿನಲ್ಲಿ ಹುಟ್ಟಿ, ಬಾಲ್ಯದ ಒಂದು ಭಾಗ ಜಮೈಕಾದಲ್ಲಿ ಕಳೆದು, ನ್ಯೂಯಾರ್ಕಿನಲ್ಲಿ ಚಿತ್ರಕಲೆ ಕಲಿತು, ಲಂಡನ್ನಿನ ನಾಟಕದವರ ಜೊತೆ ಕೆಲಸ ಮಾಡಿದವಳು. ಗೋಲ್ಡನ್ ಡಾನ್‌ನ ಆರ್ಥರ್ ಎಡ್ವರ್ಡ್ ವೇಟ್ ಹೇಳಿಸಿ ಬರೆಸಿದ. ರೈಡರ್ ಅನ್ನೋ ಪ್ರಕಾಶಕರು ಆ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಿಟ್ಟರು. ಡೆಕ್ಕಿಗೆ ರೈಡರ್-ವೇಟ್ ಅಂತ ಹೆಸರಾಯಿತು. ಮಾರಿದವನ ಹೆಸರಿದೆ, ಹೇಳಿದವನ ಹೆಸರಿದೆ, ಬರೆದವಳ ಹೆಸರಿಲ್ಲ. ದೊಡ್ಡ ಕೆಲಸ, ಸಣ್ಣ ದುಡ್ಡು ಅಂತ ಆಕೆಯೇ ಆಗ ಕಾಗದದಲ್ಲಿ ಬರೆದಿದ್ದಳು. ರಾಯಲ್ಟಿ ಇರಲಿಲ್ಲ. 1951ರಲ್ಲಿ ಇಂಗ್ಲೆಂಡಿನ ಬ್ಯೂಡ್ ಅನ್ನೋ ಊರಿನಲ್ಲಿ ಸಾಲದಲ್ಲೇ ತೀರಿಕೊಂಡಳು; ಸಾಲ ತೀರಿಸೋಕೆ ಮನೆಯ ಸಾಮಾನು ಹರಾಜಾಯಿತು. ಎಲೆಗಳ ಮೂಲೆಯಲ್ಲಿ ಹಾವಿನ ಹಾಗೆ ಸುತ್ತಿಕೊಂಡ ಪುಟ್ಟ ಸಹಿಯೊಂದಿದೆ, ನೋಡಿ. ಅದು ಆಕೆಯದು. ಫೀಚರ್ ಬರೆದವರು ಒಬ್ಬರು, ಸ್ಲೈಡ್ ಮೇಲೆ ಹೆಸರು ಇನ್ನೊಬ್ಬರದು ಅನ್ನೋದನ್ನು ಅನುಭವಿಸಿದವರಿಗೆ ಈ ಕತೆ ಬೇಗ ಅರ್ಥವಾಗುತ್ತೆ.

ಆಕೆ ಮಾಡಿದ ದೊಡ್ಡ ಕೆಲಸ ಆ 22 ಎಲೆಯಲ್ಲಿಲ್ಲ, ಉಳಿದ ಚಿಲ್ಲರೆ ಎಲೆಗಳಲ್ಲಿದೆ. ಮಾರ್ಸೆಯ್‌ನಲ್ಲಿ ಬರೀ ಅಂಕಿ ತೋರಿಸುತ್ತಿದ್ದ ನಲವತ್ತು ಎಲೆಗಳಿಗೂ ಆಕೆ ಒಂದೊಂದು ದೃಶ್ಯ ಬರೆದಳು. ನಾಟಕದ ರಂಗದ ಹಾಗೆ ನೆಲ, ಪರದೆ, ಪಾತ್ರ. ಕತ್ತಿ ಆರು ತೆಗೆದುಕೊಳ್ಳಿ: ದೋಣಿಯಲ್ಲಿ ಬೆನ್ನು ತಿರುಗಿಸಿ ಕೂತ ಒಬ್ಬ ಹೆಂಗಸು, ಪಕ್ಕದಲ್ಲಿ ಮಗು, ಹಿಂದೆ ಹುಟ್ಟು ಹಾಕೋ ಅಂಬಿಗ, ದೋಣಿಯಲ್ಲಿ ನೆಟ್ಟ ಆರು ಕತ್ತಿ. ತವರಿಗೆ ಹೋಗ್ತಿದ್ದಾಳಾ, ತಪ್ಪಿಸಿಕೊಂಡು ಹೋಗ್ತಿದ್ದಾಳಾ, ಯಾರನ್ನೋ ಮಣ್ಣು ಮಾಡಿ ಬರ್ತಿದ್ದಾಳಾ? ಚಿತ್ರ ಹೇಳೋದಿಲ್ಲ, ನೋಡೋರು ಹೇಳಬೇಕು. ಕತ್ತಿ ಎಂಟರಲ್ಲಿ ಕಣ್ಣಿಗೆ ಬಟ್ಟೆ, ಮೈಗೆ ಹಗ್ಗ ಕಟ್ಟಿದ ಹೆಣ್ಣು, ಸುತ್ತ ಎಂಟು ಕತ್ತಿ. ಸ್ವಲ್ಪ ಹೊತ್ತು ನೋಡಿದರೆ ಗೊತ್ತಾಗುತ್ತೆ, ಕಾಲು ಕಟ್ಟಿಲ್ಲ, ಎದುರಿಗೆ ಕತ್ತಿಯಿಲ್ಲ. ಇಂಥ ಚಿತ್ರದ ಮುಂದೆ ಕೂತವರು ಮಾತಾಡೋಕೆ ಶುರು ಮಾಡ್ತಾರೆ. ಈ ಡೆಕ್ಕಿನ ನಿಜವಾದ ಶಕ್ತಿ ಇದೇ ಅನ್ನೋದು ನನ್ನ ಅಭಿಪ್ರಾಯ.

ಆ ಅಳತೆಯಲ್ಲಿ ನೋಡಿದರೆ ಕತ್ತಿ ಮೂರು ಆಕೆಯ ಸೋತ ಎಲೆ. ಅದರಲ್ಲಿ ಮನುಷ್ಯರಿಲ್ಲ, ಜಾಗ ಇಲ್ಲ, ಪ್ರಶ್ನೆ ಇಲ್ಲ. ಅದು ದೃಶ್ಯವಲ್ಲ, ರಸ್ತೆ ಬದಿಯ ಎಚ್ಚರಿಕೆ ಬೋರ್ಡು. ಬಹುಶಃ ಅದು ಪೂರ್ತಿ ಆಕೆಯದೂ ಅಲ್ಲ. ಸೋಲಾ ಬುಸ್ಕಾ ಅನ್ನೋ ಇಟಲಿಯ ಹಳೇ ಡೆಕ್ ಒಂದಿದೆ, 1490ರ ಸುಮಾರಿನದು. ಅದರ ಎಲೆಗಳ ಫೋಟೋಗಳು 1907ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಬಂದವು. ಅದರ ಕತ್ತಿ ಮೂರರಲ್ಲೂ ಮೂರು ಕತ್ತಿ ಚುಚ್ಚಿದ ಹೃದಯ. ಸ್ಮಿತ್ ಅದನ್ನು ನೋಡಿದ್ದಿರಬೇಕು ಅಂತ ಬಲ್ಲವರು ಹೇಳ್ತಾರೆ, ಎರಡನ್ನೂ ಪಕ್ಕಪಕ್ಕ ಇಟ್ಟರೆ ನಮಗೂ ಹಾಗೇ ಅನಿಸುತ್ತೆ. ವೇಟ್ ತನ್ನ ಪುಸ್ತಕದಲ್ಲಿ ಇದಕ್ಕೆ ಕೊಟ್ಟ ಅರ್ಥ ಅಗಲಿಕೆ, ತಡ, ಬಿರುಕು. ಮೇಡಂ ಹೇಳಿದ 'ತಡ್ಕೊಳ್ಳಿ' ಈಜಿಪ್ಟಿನ ಪುರೋಹಿತರಿಂದ ಬಂದದ್ದಲ್ಲ. ಲಂಡನ್ನಿನ ಒಬ್ಬ ಲೇಖಕನ ಪಟ್ಟಿಯಿಂದ ಬಂದದ್ದು.

ಇನ್ನೊಂದು ಹೆಸರುವಾಸಿ ಡೆಕ್ ಥೋತ್. ಅಲಿಸ್ಟರ್ ಕ್ರೌಲಿ ಹೇಳಿದ, ಫ್ರೀಡಾ ಹ್ಯಾರಿಸ್ 1938ರಿಂದ 1943ರವರೆಗೆ ಜಲವರ್ಣದಲ್ಲಿ ಬರೆದರು. ಇಬ್ಬರೂ ತೀರಿಕೊಂಡ ಮೇಲೆ 1969ರಲ್ಲಿ ಡೆಕ್ಕಾಗಿ ಬಂತು. ಕಣ್ಣಿಗೆ ಇದರಷ್ಟು ಚೆಂದದ್ದು ಕಡಿಮೆ. ಆದರೆ ಚಿಲ್ಲರೆ ಎಲೆಗಳ ಕೆಳಗೆ ಅರ್ಥವನ್ನೇ ಅಚ್ಚು ಹಾಕಿಬಿಟ್ಟಿದ್ದಾರೆ. ಕತ್ತಿ ಮೂರರ ಕೆಳಗೆ 'ದುಃಖ'. ಮುಗೀತು, ಇನ್ನೇನು ಮಾತಾಡ್ತೀರಿ? ಅದರ ಮೇಲೆ ತುಲಾ ರಾಶಿಯ ಶನಿಯ ಗುರುತು. ಇದು ನನಗೆ ಬಹಳ ಇಷ್ಟವಾದ ವಿಚಾರ. ನಮ್ಮ ಜ್ಯೋತಿಷ್ಯದಲ್ಲಿ ತುಲೆ ಶನಿಯ ಉಚ್ಚ ಸ್ಥಾನ. ನಮ್ಮೂರ ಜೋಯಿಸರಿಗೆ ಈ ಎಲೆ ತೋರಿಸಿದ್ದರೆ, "ಶನಿ ಉಚ್ಚದಲ್ಲಿದ್ದಾನೆ, ಯಾಕಮ್ಮ ಹೆದರ್ತೀಯ?" ಅಂದಿರೋರು.

ಈಗ ಲೆಕ್ಕ ಹಾಕಿ. ಹುಡುಗಿ ಅವಳೇ, ಪ್ರಶ್ನೆ ಅದೇ, ಬಂದ ಎಲೆಯೂ ಅದೇ ಕತ್ತಿ ಮೂರು. ಮೇಡಂ ಕೈಯಲ್ಲಿ ಮಾರ್ಸೆಯ್ ಇದ್ದಿದ್ದರೆ ಬಳ್ಳಿ ಸುತ್ತಿದ ಮೂರು ಕತ್ತಿ, ಯಾರೂ ಬೆಚ್ಚಿಬೀಳುತ್ತಿರಲಿಲ್ಲ. ವಿಸ್ಕೊಂತಿ ಇದ್ದಿದ್ದರೆ ಈಗಿನವರು ಊಹಿಸಿ ಬರೆದು ಸೇರಿಸಿದ ಎಲೆ. ಹೆದರಿಸಿದ್ದು ವಿಧಿ ಅಲ್ಲ, ಡೆಕ್ಕಿನ ಆಯ್ಕೆ. ರೀಡರ್ ಯಾವ ಡೆಕ್ ಇಟ್ಟುಕೊಂಡಿದ್ದಾರೆ ಅನ್ನೋದು ಅವರ ಮೇಜಿನ ಮೇಲಿನ ಕ್ಯಾಂಡಲ್ ಹಾಗೆ ಅಲಂಕಾರ ಅಲ್ಲ. ಉತ್ತರದ ಅರ್ಧ ಅಲ್ಲೇ ತೀರ್ಮಾನವಾಗಿರುತ್ತೆ.

ಹಾಗಾಗಿ ಡೆಕ್ ತಗೊಳ್ಳೋರಿಗೆ ನಾನು ಹೇಳೋದಿಷ್ಟು. ಮೊದಲ ಡೆಕ್ ಯಾರಾದರೂ ಉಡುಗೊರೆಯಾಗಿ ಕೊಡಬೇಕು, ತಾನೇ ಕೊಳ್ಳಬಾರದು ಅಂತ ಒಂದು ಮಾತಿದೆ. ಅದನ್ನು ಬಿಡಿ. ಫೆರಾರಾದ ಅರಮನೆಯವರೇ ದುಡ್ಡು ಕೊಟ್ಟು ಬರೆಸಿದ್ದಾರೆ. 78 ಎಲೆ ಇದೆಯಾ ಎಣಿಸಿ. ಇಲ್ಲದಿದ್ದರೆ ಅದು ಬಹುಶಃ ಒರಾಕಲ್ ಡೆಕ್, ಅದಕ್ಕೆ ಟ್ಯಾರೋದ ಕಟ್ಟುಪಾಡಿಲ್ಲ, ಮಾಡಿದವರು ಹೇಳಿದ್ದೇ ಅರ್ಥ. ಆಮೇಲೆ ಮೂರು ಎಲೆ ತೆಗೆದು ನೋಡಿ: ಕತ್ತಿ ಮೂರು, ಕತ್ತಿ ಆರು, ಬಟ್ಟಲು ಎಂಟು. ಜೊತೆಗೆ ಬಂದ ಚಿಕ್ಕ ಪುಸ್ತಕ ಮುಚ್ಚಿಟ್ಟು ಚಿತ್ರದ ಬಗ್ಗೆ ಎರಡು ನಿಮಿಷ ಮಾತಾಡೋಕೆ ಆಗುತ್ತಾ? ಆದರೆ ಆ ಡೆಕ್ ನಿಮ್ಮದು. ಆಗದಿದ್ದರೆ ನೀವು ಆ ಪುಸ್ತಕದ ಕೈಗೊಂಬೆ.

ಬೆಕ್ಕಿನ ಟ್ಯಾರೋ, ದೇವತೆಗಳ ಟ್ಯಾರೋ, ನಮ್ಮ ಪುರಾಣದ ಟ್ಯಾರೋ ಅಂತ ಬೇಕಾದಷ್ಟು ಬರ್ತಿವೆ. ಬಹಳಷ್ಟರಲ್ಲಿ ಕೆಳಗಿರೋದು ಸ್ಮಿತ್‌ಳ ದೃಶ್ಯವೇ, ಮೇಲೆ ವೇಷ ಬೇರೆ. ತಪ್ಪೇನಿಲ್ಲ. ಆದರೆ ದೋಣಿಯ ಹೆಂಗಸಿನ ಜಾಗದಲ್ಲಿ ಕಿರೀಟ ಇಟ್ಟ ದೇವಿ ಕೂತರೆ, ಅವಳ ಭಯ ಎಲ್ಲಿ ಹೋಯಿತು ಅಂತ ಕೇಳಿಕೊಳ್ಳಿ. ದೇವರನ್ನು ಕೂರಿಸಿದ ತಕ್ಷಣ ಚಿತ್ರ ದೊಡ್ಡದಾಗಲ್ಲ, ಎಷ್ಟೋ ಸಲ ನಾವು ಸಣ್ಣವರಾಗ್ತೀವಿ ಅಷ್ಟೇ. ಡಬ್ಬಿಯ ಮೇಲೆ ಬರೆದವರ ಹೆಸರಿದೆಯಾ ಅಂತಲೂ ನೋಡಿ. ಸ್ಮಿತ್ ತೀರಿಕೊಂಡು 60 ವರ್ಷ ಕಳೆದಿರೋದರಿಂದ ನಮ್ಮ ದೇಶದ ಕಾಯ್ದೆಯಲ್ಲಿ ಆ ಚಿತ್ರಗಳಿಗೆ ಈಗ ಕಾಪಿರೈಟ್ ಇಲ್ಲ, ಯಾರು ಬೇಕಾದರೂ ಅಚ್ಚು ಹಾಕಬಹುದು. ಹೆಸರು ಹಾಕೋಕೆ ಕಾಯ್ದೆ ಯಾಕೆ ಬೇಕು? 2009ರಲ್ಲಿ ನೂರು ವರ್ಷದ ನೆನಪಿಗೆ ಬಂದ ಆವೃತ್ತಿಗೆ ಸ್ಮಿತ್-ವೇಟ್ ಅಂತ ಹೆಸರಿಟ್ಟರು, ಬಣ್ಣಗಳನ್ನೂ ಹಳೇ ಮುದ್ರಣದ ಹಾಗೆ ಮಂದವಾಗಿಟ್ಟರು. ಒಂದೇ ಡೆಕ್ ಅಂದರೆ ನಾನು ಅದನ್ನೇ ಹೇಳ್ತೀನಿ. ಎರಡು ಅಂದರೆ ಜೊತೆಗೊಂದು ಮಾರ್ಸೆಯ್, ಮೊದಲನೆಯದು ಜೋರು ಮಾಡಿದಾಗ ಸಮಾಧಾನಕ್ಕೆ.

ಹೂವಿನ ಪ್ರಶ್ನೆ ಹಾಗೇ ಉಳಿಯಿತಲ್ಲ. ಅಮ್ಮನ ಜೊತೆ ಹೂ ಕೇಳೋಕೆ ಹೋದ ದಿನ ನೆನಪು ಮಾಡಿಕೊಂಡೆ. ಮೊದಲ ಸಲ ಎಡಗಡೆ ಬಿದ್ದಿತ್ತು. ಅಮ್ಮ ಬಿಡಲಿಲ್ಲ. "ನೀನು ಸರಿಯಾಗಿ ಕೇಳ್ಲಿಲ್ಲ, ಇನ್ನೊಂದ್ಸಲ ಕೇಳು" ಅಂತ ಪೂಜಾರಪ್ಪನಿಗೇ ಜೋರು ಮಾಡಿದಳು. ಅವರೂ ನಗುತ್ತಾ ಇನ್ನೊಂದು ಹೂ ಸಿಕ್ಕಿಸಿದರು. ಅಮ್ಮನಿಗೆ ಆ ದೇವರು ಹತ್ತಿರದವನು, ಪೂಜಾರಿ ಪರಿಚಯದವರು, ಹಾಗಾಗಿ ವಾದ ಮಾಡೋ ಧೈರ್ಯ ಇತ್ತು. ನನ್ನ ಗೆಳತಿ ಮೇಡಂ ಮುಂದೆ ಒಂದು ಮಾತೂ ಆಡಲಿಲ್ಲ. ಐದು ಸಾವಿರ ವರ್ಷದ ಜೊತೆ ಯಾರು ವಾದ ಮಾಡ್ತಾರೆ? ಸುಳ್ಳು ಇತಿಹಾಸದಿಂದ ಆಗೋ ನಷ್ಟ ಇದು. ಅದು ನಮ್ಮ ತಲೆಗೆ ತಪ್ಪು ತಾರೀಖು ತುಂಬೋದು ಮಾತ್ರವಲ್ಲ, ಬಾಯಿ ಮುಚ್ಚಿಸುತ್ತೆ. ಆಟವಾಗಿತ್ತು, ಒಬ್ಬಳು ಹುಡುಗಿ ಕಡಿಮೆ ದುಡ್ಡಿಗೆ ಬರೆದ ಚಿತ್ರ ಅಂತ ಗೊತ್ತಾದರೆ ಎಲೆ ಎಲೆಯಾಗಿ ಕಾಣುತ್ತೆ. ಆಗ ಅದರ ಜೊತೆ ಮಾತಾಡಬಹುದು, ಬೇಕಾದರೆ ಜಗಳವನ್ನೂ ಆಡಬಹುದು.

ಇದನ್ನೆಲ್ಲ ಒಂದು ಸಂಜೆ ಅವಳಿಗೆ ಹೇಳಿದೆ. ನಗಲಿಲ್ಲ, ಹೇಳಿದೆ ಅಷ್ಟೇ. ಅವಳೂ ಕೇಳಿಸಿಕೊಂಡಳು. ಸ್ಮಿತ್‌ಳ ಸಹಿಯನ್ನು ಮೊಬೈಲಿನಲ್ಲಿ ಹಿಗ್ಗಿಸಿ ಬಹಳ ಹೊತ್ತು ನೋಡಿದಳು. ಮನೆಯಲ್ಲಿ ಯಾವಾಗ ಹೇಳ್ತೀಯ ಅಂತ ನಾನು ಕೇಳಲಿಲ್ಲ, ಅದು ಅವಳಿಗೆ ಬಿಟ್ಟದ್ದು. ಹೊರಡೋ ಹೊತ್ತಿಗೆ ಅವಳೇ ಕೇಳಿದಳು:

"ಸರಿ, ನಾನೇ ಒಂದು ಡೆಕ್ ತಗೋತೀನಿ. ಮತ್ತೆ ಅದೇ ಕತ್ತಿ ಮೂರು ಬಂದ್ರೆ?"

"ನಮ್ಮೂರಲ್ಲಿ ರಮ್ಮಿ ಆಡುವಾಗ ಬೇಡದ ಇಸ್ಪೀಟ್ ಮೂರು ಬಂದ್ರೆ ಕೆಳಗೆ ಹಾಕಿ ಇನ್ನೊಂದು ಎಲೆ ಎತ್ಕೋತಾರೆ" ಅಂದೆ.